ತಗ್ಗಿನ್ಯಾಗಷ್ಟ ಹತ್ತೋ ಜೀಪಿನ ದೀಪ

ಹಾಲು ಉಕ್ಕೋದು, ಕರೆಂಟ್ ಹೋಗೋದು, ನಮ್ಮ ಜೀಪಿನ ಹೆಡ್‌ಲೈಟ್ ಆರೋದು, ಈ ಮೂರಕ್ಕೂ ನಮ್ಮ ಮನ್ಯಾಗ ಮುಹೂರ್ತ ಬೇಕಾಗಿಲ್ಲರಿ, ಯಾವಾಗ ಬೇಕಾದ್ರೂ ಆಗತಾವ. ಜೀಪ್ ನನಗಿಂತ ಹದಿನಾಲ್ಕು ವರ್ಷ ದೊಡ್ಡದು. ನಾಲ್ಕೂ ಗಾಲಿ ಎಳಿತಾವ, ಮಳಿಗಾಲದಾಗ ಕೊಕಟನೂರ ಕಡೆ ನಮ್ಮ ಕಬ್ಬಿನ ಹೊಲದ ರಾಡ್ಯಾಗ ಟ್ರ್ಯಾಕ್ಟರ್ ಸಿಕ್ಕೊಂಡ್ರ ಅದನ್ನೂ ಎಳಕೊಂಡು ಬರತೈತಿ. ನಾ ಡ್ರೈವಿಂಗ್ ಕಲ್ತಿದ್ದು ಅದರಾಗ, ಐಟಿಐ ಸೇರಿ ಮೋಟರ್ ಮೆಕ್ಯಾನಿಕ್ ಆಗಿದ್ದೂ ಅದರ ಸಲುವಾಗಿ. ಆದ್ರ ಈ ವರ್ಷ ಹೆಡ್‌ಲೈಟ್ ಹತ್ತಲಿಲ್ಲಂತ ಚಿಕ್ಕೋಡಿ ಆರ್‌ಟಿಒ ಪಾಸಿಂಗಿನ್ಯಾಗ ಎರಡ ಸಲ ಫೇಲ್ ಆತು. ಅಪ್ಪ ಊಟದ ಹೊತ್ತಿಗೆ ತೀರ್ಪು ಕೊಟ್ಟ: "ಮೂರನೇ ಸಲ ಪಾಸ್ ಆದ್ರ ಜೀಪ್ ನಿಂದು. ಫೇಲ್ ಆದ್ರ ಗುಜರಿಗೆ."

"ಬರಕೊಡು," ಅಂದೆ ನಾ.

ಕಾಕಾನ ಕಾಲು

ಮೊದಲ ದಿನ ಎರಡೂ ಬಲ್ಬ್ ಹೊಸಾವು ಹಾಕಿದೆ. ಕತ್ತಲ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಗೆ ಸಿಗಿಸಿ ಇನ್ನೊಂದು ತುದಿ ಹೋಲ್ಡರಿಗೆ ಹಿಡದ್ನಿ, ಕರೆಂಟ್ ಚಲೋ ಬರಾಕತ್ತೈತಿ. ಬಲ್ಬ್ ಹೊಸಾವು, ಕರೆಂಟ್ ಐತಿ, ಬೆಳಕಿಲ್ಲ. ಕಟ್ಟಿ ಮ್ಯಾಲೆ ಕುಂತಿದ್ದ ಕಾಕಾ ಎಲಿ ಅಡಕಿ ಹಾಕ್ಕೋತ, "ಎರಡ ಚಿಮಣಿ ದೀಪ ಕಟ್ಟಿಬಿಡವಾ, ಇಂಜಿನೇರ್ ಬಾಯಿ," ಅಂದ.

ಹಳೇ ಜೀಪಿನ್ಯಾಗ ಬೆಳಕು ಮ್ಯಾಲೆ ಕೆಳಗ ಮಾಡೋ ಡಿಪ್ಪರ್ ಸ್ವಿಚ್ ಕೈಯಾಗ ಇರಂಗಿಲ್ಲರಿ, ಕಾಲಾಗ ಇರತೈತಿ, ಕ್ಲಚ್ ಪಕ್ಕಕ್ಕ. ಕಾಕಾ ಬಂದು ಕುಂತವನ ಚೇಳು ಕೊಂದಂಗ ಅದನ್ನ ಧಡ್ ಧಡ್ ತುಳಿದ. ಇಡೀ ಜೀಪ್ ಅಳ್ಳಾಡಿತು, ಎರಡೂ ದೀಪ ಫಳ್ ಅಂತ ಹತ್ತಿದ್ವು.

"ನೋಡಿದಿ? ಇದಕ್ಕ ಐಟಿಐ ಬ್ಯಾಡ. ಕಾಲ್ ಬೇಕು."

ಸ್ವಿಚ್ಚೇ ಕೆಟ್ಟೈತಿ ಅಂತ ರಾಯಬಾಗಕ್ಕ ಹೋಗಿ ಹೊಸಾ ಸ್ವಿಚ್ ತಂದು ಹಾಕಿದೆ. ಮತ್ತ ಕತ್ತಲ. ಈ ಸಲ ಕಾಕಾನ್ನ ನಾನ ಕರದೆ. ಅವ ಎಷ್ಟು ಜೋರ್ ತುಳಿದ ಅಂದ್ರ ದೀಪ ಹತ್ತಲಿಲ್ಲ, ಹೊಸಾ ಸ್ವಿಚ್ ಕೆಳಗ ನೆಲಕ್ಕ ಬಿತ್ತು. "ಕಾಲ್ ಐತಿ ಕಾಕಾ," ಅಂದೆ, "ಈಗ ಸ್ವಿಚ್ ಬೇಕು."

ಕುರಿಯವರ ಸಲಹೆ

ಸ್ವಿಚ್ ಮತ್ತ ಕೂಡಿಸಿದ ಮ್ಯಾಲೆ ಒಂದಿನ ಮುಗಳಖೋಡದಿಂದ ಬರಾಕತ್ತಿದ್ದೆ, ದೀಪ ಹಚ್ಚೋ ಹೊತ್ತು, ಪಕ್ಕದಾಗ ಆಯಿ. ಆಯಿ ಅಂದ್ರ ಅಪ್ಪನ ಅವ್ವ. ಜೀಪಿಗೆ ಪ್ರತಿ ಅಮಾಸಿ ಒಂದು ನಿಂಬಿಹಣ್ಣು ಏಳು ಮೆಣಸಿನಕಾಯಿ ಕಟ್ಟೋಕಿ ಆಕೀನ. ಅದನ್ನ ಯಾರ ಮುಟ್ಟಿದ್ರೂ ಕೈ ಮುರೀತೀನಿ ಅಂತಾಳ, ಅಪ್ಪಗೂ ಅದ ಮಾತು.

ಡಾಂಬರ್ ರಸ್ತೆ ಮ್ಯಾಲೆ ದೀಪ ಪೂರಾ ಬಂದ್. ಅಡ್ಡದಾರಿ ಹಿಡದ್ವಿ, ತಗ್ಗು ಬಂತು, ಫಳ್ ಅಂತ ಹತ್ತಿದ್ವು. ತಗ್ಗು ದಾಟಿತು, ಆರಿದ್ವು. ಇನ್ನೊಂದು ತಗ್ಗು, ಮತ್ತ ಹತ್ತಿದ್ವು. ಎದುರಿಗೆ ಕುರಿ ಹಿಂಡು ಬರಾಕತ್ತಿತ್ತು, ಬೆಳಕು ಬಂದಾಗೊಮ್ಮೆ ಕುರಿ ನಿಲ್ಲತಾವ, ಆರಿದಾಗೊಮ್ಮೆ ನಡೀತಾವ. ಕುರಿಯವರು ಕೈ ಮಾಡಿ ನಿಲ್ಲಿಸಿದ್ರು.

"ತಂಗೀ, ಯಾಕ ಕಣ್ಣು ಹೊಡ್ಯಾಕತ್ತೈತಿ ನಿನ್ನ ಗಾಡಿ ನನ್ನ ಕುರಿಗೆ?"

"ಬೇಕಂತ ಅಲ್ಲರಿ ಯಜಮಾನ್ರ. ತಗ್ಗಿನ್ಯಾಗಷ್ಟ ಹತ್ತತಾವ, ಸಪಾಟ್ ಹಾದ್ಯಾಗ ಆರತಾವ."

ಅವರು ಗಡ್ಡಾ ಕೆರಕೊಂಡು ಖರೇನ ವಿಚಾರ ಮಾಡಿದ್ರು. "ಹಂಗಾರ ನಮ್ಮೂರಾಗ ಬಂದು ಇದ್ದುಬಿಡವಾ. ಅಲ್ಲಿ ಹಗಲು ಹೊತ್ತಿನ್ಯಾಗೂ ಆರಂಗಿಲ್ಲ."

ಬಾಹೇರಚಂ

ನಿಪ್ಪಾಣಿಯಾಗ ಒಬ್ಬರು ಹಳೇ ಎಲೆಕ್ಟ್ರಿಷಿಯನ್ ಅದಾರ. ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಸಿಟ್ಟು. ನನ್ನ ನೋಡಿ, "ಡ್ರೈವರ್ ಕುಠೇ, ಎಲ್ಲದಾನ?" ಅಂದ್ರು. "ನಾನ," ಅಂದೆ. "ಮೆಕ್ಯಾನಿಕ್?" "ಅದೂ ನಾನ." "ಹಂಗಾರ ಇಲ್ಲಿಗ್ಯಾಕ ಬಂದಿ?" ನಾ ಬಾನೆಟ್ ಎತ್ತಿದೆ.

ಕೈ ಒರಸ್ಕೊಂಡು, ಚಪ್ಪಲ್ ಬಿಟ್ಟು, ಮುಂದ ಜೋತಾಡೋ ನಿಂಬಿಹಣ್ಣು ಮೆಲ್ಲಗ ಎತ್ತಿ ಬಂಪರ್ ಮ್ಯಾಲೆ ಇಟ್ಟು ನಮಸ್ಕಾರ ಮಾಡಿದ್ರು. ಆಮ್ಯಾಲೆ ಫ್ಯೂಜ್ ಸ್ವಚ್ಛ ಮಾಡಿ ಸ್ವಿಚ್ ಒತ್ತಿದ್ರ, ದೀಪ ಹತ್ತಿದ್ವು. "ಝಾಲಂ, ಆತು. ಎರಡ ನಿಮಿಷದ ಕೆಲಸ." ನನಗ ಅಳು ಬರೋದೊಂದು ಬಾಕಿ. ನಿಂಬಿಹಣ್ಣು ಎಲ್ಲಿತ್ತೋ ಅಲ್ಲೇ ಇಳಿಬಿಟ್ಟು, ಕೈ ತೊಳಕೊಂಡು ಬಂದು ಇನ್ನೊಮ್ಮೆ ಒತ್ತಿದ್ರು. ಕತ್ತಲ.

ಮತ್ತ ಚಪ್ಪಲ್ ಬಿಟ್ರು, ಮತ್ತ ಹಣ್ಣು ಎತ್ತಿಟ್ರು, ಈ ಸಲ ರಿಲೇ ಬದಲಿ ಮಾಡಿದ್ರು. ಹತ್ತಿತು. ಹಣ್ಣು ಇಳಿಬಿಟ್ರು, ಆರಿತು. ಮೂರನೇ ಸಲ ಇಡೀ ವೈರಿಂಗ್ ತಪಾಸ್ ಮಾಡಿದ್ರು, ಹಂಗ ಆತು. ನಲ್ವತ್ತು ವರ್ಷದ ಸರ್ವಿಸಿನ ಮನುಷ್ಯ ಸ್ಟೂಲ್ ಮ್ಯಾಲೆ ಕುಂತು, ದನಿ ಇಳಿಸಿ ಹೇಳಿದ್ರು: "ಪೋರಿ, ಹೇ ಬಾಹೇರಚಂ ಆಹೇ." ಅಂದ್ರ ಗಾಡಿಗೆ ಗಾಳಿ ಬಡದೈತಿ ಅಂತ.

"ಏನ್ ಮಾಡ್ಲಿರಿ?"

"ಇನ್ನೊಂದು ನಿಂಬಿಹಣ್ಣು ಕಟ್ಟು."

ಮೂರನೇ ಪಾಸಿಂಗ್

ಸೋಮವಾರ ಚಿಕ್ಕೋಡಿ. ಅಪ್ಪ, ಕಾಕಾ, ಆಯಿ ಎಲ್ಲಾರೂ ಬಂದಾರ. ಅಪ್ಪ ಗುಜರಿಯವನ್ನೂ ಸೀದಾ ಗೇಟಿಗೇ ಕರಿಸ್ಯಾನ. ಅವ ಚಹಾ ಕುಡಕೋತ ನನ್ನ ಜೀಪಿನ ಟೈರ್ ಒದ್ದು ಒದ್ದು ನೋಡಾಕತ್ತಾನ. "ಕಾಲ್ ತೆಗಿ," ಅಂದೆ. "ಇನ್ನೂ ನಂದೈತಿ."

ಆರ್‌ಟಿಒ ಸಾಹೇಬ್ರು ಬಂದ್ರು. ಬ್ರೇಕ್ ಪಾಸ್, ಹಾರ್ನ್ ಪಾಸ್. "ಹೆಡ್‌ಲೈಟ್ ಹಾಕ್ರಿ." ಹಾಕಿದೆ. ಇಲ್ಲ. ಕಾಕಾ ಓಡಿ ಬಂದು ಒಳಗ ಕಾಲ್ ಹಾಕಿ ತುಳಿದ. ಇಲ್ಲ. ಸಾಹೇಬ್ರು ಪೆನ್ ತೆಗದ್ರು. ಗುಜರಿಯವ ಕಪ್ ಕೆಳಗ ಇಟ್ಟ.

ಬರ್ಯಾಕ ಅಂತ ನಂಬರ್ ನೋಡಿದ್ರು ಸಾಹೇಬ್ರು. "ಏನಿದು ಜೋತಾಡೋದು? ನಂಬರ್ ಕಾಣವಲ್ದು, ಸರಸ್ರಿ."

ಅಪ್ಪ ಕಾಕಾನ್ನ ನೋಡಿದ. ಕಾಕಾ ಗುಜರಿಯವನ್ನ ನೋಡಿದ. ಗುಜರಿಯವ ಎರಡ ಹೆಜ್ಜಿ ಹಿಂದಕ್ಕ ಸರದು, "ಅದನ್ನ ಬಿಟ್ಟು ಉಳದಿದ್ದಷ್ಟ ತಗೋತೀನ್ರಿ," ಅಂದ. ಸಾಹೇಬ್ರು ತಾವೂ ಕೈ ಹಿಂದಕ್ಕ ಕಟ್ಟಿಕೊಂಡ್ರು.

ನಾ ಇಳದೆ. ಒಳಗಿಂದ ಆಯಿ ಕೂಗಿದ್ಲು, "ಮುಟ್ಟಬ್ಯಾಡ, ಕೈ ಮುರೀತೀನಿ."

"ಮುರಿ," ಅಂದೆ. ಜೀಪ್ ಹೋದ ಮ್ಯಾಲೆ ಕೈ ತಗೊಂಡು ಏನ್ ಮಾಡ್ಲಿ. ಹಣ್ಣು ಹಿಡದು ಬಂಪರಿಗೆ ಸರಿಸಿದೆ, ಎರಡೂ ದೀಪ ಸಾಹೇಬ್ರ ಮಾರಿ ಮ್ಯಾಲೆ ಹತ್ತಿದ್ವು. ಎತ್ತಿದೆ, ಆರಿದ್ವು. ಇಟ್ಟೆ, ಹತ್ತಿದ್ವು. ದಾರಕ್ಕ ಮೆತ್ತಿದ್ದ ಅರಿಷಿಣ ಕುಂಕುಮ ಉಗುರಲೆ ಕೆರೆದು ನೋಡಿದ್ರ ಅದು ದಾರ ಅಲ್ಲರಿ, ವೈರ್. ತುದ್ಯಾಗ ತಾಮ್ರ ಹೊಳ್ಯಾಕತ್ತೈತಿ. ದೀಪಕ್ಕ ಬಂದ ಕರೆಂಟ್ ಜೀಪಿನ ಮೈಗೆ ವಾಪಸ್ ಹೋಗೋ ಅರ್ಥಿಂಗ್ ವೈರ್, ಬೋಲ್ಟ್ ಬಿಟ್ಟು ನಿಂಬಿಹಣ್ಣಿನ್ಯಾಗ ತೂರಿ ಏಳು ಮೆಣಸಿನಕಾಯಿ ಹೊತ್ಕೊಂಡು ನಿಂತೈತಿ. ಜೀಪ್ ಕುಣಿದಾಗ ತಾಮ್ರ ಬಂಪರಿಗೆ ಬಡದು ದೀಪ ಹತ್ತತಿದ್ವು. ಐಟಿಐದಾಗ ಅರ್ಥಿಂಗ್ ಪಾಠ ಮಾಡಿದ ದಿನ ನಾ ಇರಲಿಲ್ಲ. ಆ ದಿನ ಇದ ಜೀಪ್ ದಾರ್ಯಾಗ ನಿಂತಿತ್ತು.

"ಆಯಿ, ಈ ದಾರ ಎಲ್ಲಿಂದ ತಂದಿಬೇ?"

"ಎಲ್ಲಿಂದ ತರಲಿ, ಅಲ್ಲೇ ಬೋಲ್ಟಿಗೆ ಯಾರೋ ಸುಮ್ಮಕ ಕಟ್ಟಿಟ್ಟಿದ್ರು, ಬಿಚ್ಚಿಕೊಂಡೆ. ನೂಲಿನ ದಾರ ಕಬ್ಬಿನ ಒಣ ಎಲಿ ರವದಿಗೆ ಸಿಕ್ಕು ಹರೀತಿತ್ತು. ಇದು ಕರೀದೂ ಐತಿ, ಗಟ್ಟೀನೂ ಐತಿ. ದೀವಳಗಿ ಅಮಾಸಿಯಿಂದ ಹರದೈತೇನ ನೋಡು."

ಸ್ಪ್ಯಾನರ್ ತಗೊಂಡು ವೈರ್ ಬೋಲ್ಟಿಗೆ ಬಿಗದೆ. ಹತ್ತಿದ ದೀಪ ಆರಲಿಲ್ಲ. ಸಾಹೇಬ್ರು ಪಾಸ್ ಅಂತ ಬರದ್ರು. ಗುಜರಿಯವ ಚಹಾ ಮುಗಿಸಿ ಹೋದ. ಆಯಿಗೆ ಒಂದು ಚೂರೂ ಪಶ್ಚಾತ್ತಾಪ ಇಲ್ಲ: "ದೀಪ ಇಲ್ದ ಇಷ್ಟು ದಿನ ಓಡೈತಿ, ಒಂದು ಕುರಿಗಾದ್ರೂ ತಾಗೈತೇನ? ಯಾರಿಂದ ಅದು?"

ಜೀಪ್ ನಂದಾತು. ಅವತ್ತ ಆಯಿಗೆ ಗಟ್ಟಿ ಕರೀ ನೈಲಾನ್ ದಾರದ ಒಂದು ಪೂರಾ ಉಂಡಿ ತಂದುಕೊಟ್ಟೆ.

ಮುಂದಿನ ಅಮಾಸಿ ಮರುದಿನ ಹಾರ್ನ್ ಬಂದ್. ನಾ ಬಾನೆಟ್ ಎತ್ತಲಿಲ್ಲ, ಟೆಸ್ಟ್ ಲ್ಯಾಂಪ್ ತರಲಿಲ್ಲ, ಸೀದಾ ಅಡಗಿ ಮನಿಗೆ ಹೋದೆ.

"ಆಯಿ, ದಾರ ಕೊಟ್ಟಿದ್ನೆಲ್ಲ?"

"ಕೊಟ್ಟಿಯವಾ, ಅದರಲೆ ಒಂದು ಹಣ್ಣು ಕಟ್ಟೀನಿ," ಅಂದ್ಲು ರೊಟ್ಟಿ ಬಡಿಯೋದು ಬಿಡದ. "ಪಾಸ್ ಆತಲ್ಲ, ಈ ಸಲ ಎರಡ ಹಣ್ಣು ಕಟ್ಟು ಅಂತ ನಿಮ್ಮಪ್ಪ ಹೇಳಿದ."