ಆನೆಗೆ ಸಾಕಾದ ತಂತಿ ಪಂಪಿಗೆ ಸಾಲದೆ?

ದ್ರಾಕ್ಷಾಯಣಿಗೆ ಹತ್ತೊಂಬತ್ತು ವರ್ಷ ನೀರು ಹೊತ್ತ ಕೂಲಿ ಬಾಕಿ ಇದೆ. ಕೊಡಬೇಕಾದವನು ಅವಳ ಗಂಡ ಗುಂಡಯ್ಯ. ಹೆಗ್ಗದ್ದೆಯ ಅವರ ಎರಡೆಕರೆ ಕಾಫಿ ತೋಟದ ತಗ್ಗಿನಲ್ಲಿ ಒರತೆ, ದಿಬ್ಬದ ಮೇಲೆ ಮನೆ. ತೋಟದ ಆಳುಗಳ ಕೂಲಿಗಾಗಿ ಸಕಲೇಶಪುರದಲ್ಲಿ ಗಂಟಲು ಹರಿಯುವಂತೆ ಕೂಗಿದವನಿಗೆ (ಲಾಠಿ ಏಟೂ ತಿಂದಿದ್ದಾನೆ, ಸುಳ್ಳಲ್ಲ) ಮನೆಯೊಳಗಿನ ಆಳು ಕಂಡಿರಲಿಲ್ಲ. ಈ ಬೇಸಿಗೆಯಲ್ಲಿ ಅವಳ ಮಂಡಿ ಊದಿತು. ಕೊಡ ಕೆಳಗಿಟ್ಟು ಕೂತಳು. ಆಗ ಬಂತು ಸೋಲಾರ್ ಪಂಪು.

ಮರದ ನೆರಳು ಬೀಳದ ಜಾಗವೆಂದರೆ ಕಾಫಿ ಒಣಗಿಸುವ ಕಣವೊಂದೇ. ಪ್ಯಾನಲ್ಲು ಅಲ್ಲಿ, ಪಂಪು ಒರತೆಯಲ್ಲಿ. ನಡುವೆ ಇನ್ನೂರು ಅಡಿ.

“ಹತ್ತು ಎಂಎಂ ತಾಮ್ರದ ವೈರೇ ತನ್ನಿ ಗುಂಡಯ್ಯಣ್ಣ,” ಎಂದಳು ಬಾಳ್ಳುಪೇಟೆಯಲ್ಲಿ ಸೋಲಾರ್ ಅಂಗಡಿ ಇಟ್ಟಿರುವ ನವ್ಯಶ್ರೀ. “ಇದು ಕಮ್ಮಿ ವೋಲ್ಟಿನ ಪಂಪು. ದೂರ ಆದಂಗೆ ವೈರು ದಪ್ಪ ಬೇಕು. ಇಲ್ದಿದ್ರೆ ಕರೆಂಟು ದಾರೀಲೇ ಸೋತೋಯ್ತದೆ.”

ಗುಂಡಯ್ಯ ನಕ್ಕ. “ನಮ್ ಆನೆ ಬೇಲಿ ನೋಡಿದೀಯೇನಮ್ಮ? ಅದೂ ಸೋಲಾರೇ. ಕಡ್ಡಿಯಂಥ ತಂತಿ, ಕಾಲು ಮೈಲಿ ಐತೆ. ಸಲಗ ಸೊಂಡ್ಲು ತಾಗಿಸಿದ್ರೆ ಘೀಳಿಟ್ಕಂಡು ಓಡ್ತದೆ. ಆನೆ ಓಡ್ಸೋ ತಂತಿ ಒಂದ್ಕೊಡ ನೀರು ಎತ್ತಲ್ವಾ?”

“ಬೇಲೀದು ಟಕ್ ಟಕ್ ಅಂತ ಒಂದೊಂದೇ ಏಟು ಅಣ್ಣ. ವೋಲ್ಟು ಸಾವಿರಗಟ್ಲೆ, ಕರೆಂಟು ಚೂರು. ಪಂಪಿಗೆ ಒಂದೇ ಸಮ ಹರೀಬೇಕು.”

“ಅಂಬಲಿನ ಹುಲ್ಕಡ್ಡೀಲಿ ಹೀರ್ದಂಗೆ ಆಯ್ತದೆ ಕಣ್ರೀ, ಅವ್ಳ ಮಾತು ಕೇಳಿ,” ಎಂದಳು ದ್ರಾಕ್ಷಾಯಣಿ.

“ನೀನ್ಯಾವಾಗ ಇಂಜಿನಿಯರ್ ಆದೆ?”

ಮನೆ ಬಲ್ಬಿಗೆ ಎಳೆಯುವ ಒಂದೂವರೆ ಎಂಎಂ ವೈರನ್ನು ತಂದು ತಾನೇ ಎಳೆದ. ಭಾನುವಾರ ನಡುಹಗಲಿಗೆ ಲೋಕಾರ್ಪಣೆ. ನೆರೆಹೊರೆಯವರೆಲ್ಲ ಬಂದರು. “ಇಂದಿನಿಂದ ಈ ಮನೆಯ ಮಹಿಳೆ ವಿಮುಕ್ತಳು!” ಎಂದು ಘೋಷಿಸಿ ಕಣದಲ್ಲಿ ಸ್ವಿಚ್ ಒತ್ತಿದ. ತಗ್ಗಿನಲ್ಲಿ ಪಂಪು ಗುಂಯ್ ಎಂದಿತು.

“ಬಂತೇನೇ?”

“ಬಂತು!” ಅಡುಗೆಮನೆಯಲ್ಲಿ ಪೈಪಿನ ಬಾಯಿ ಹಿಡಿದು ನಿಂತಿದ್ದ ದ್ರಾಕ್ಷಾಯಣಿ ಕೂಗಿದಳು.

“ನೀರಾ?”

“ಗಾಳಿ!”

ಗುಂಡಯ್ಯನ ಮುಖ ಕೆಂಪಾಯಿತು. ಅಲ್ಲೇ ನಿಂತು ನವ್ಯಶ್ರೀಗೆ ಫೋನ್ ಹಚ್ಚಿದ. “ಡಕೋಟಾ ಪಂಪು ಕೊಟ್ಬುಟ್ಟು ವೈರಿನ ಮ್ಯಾಲೆ ಹೇಳ್ತೀಯಾ? ನಾಳೆ ನಿನ್ನ ಅಂಗಡಿ ಮುಂದೆ ಧರಣಿ!”

ಮುಕ್ಕಾಲು ಗಂಟೆಯಲ್ಲಿ ಅವಳು ಬೈಕಿನಲ್ಲಿ ಬಂದಳು. ಜಗಳವಾಡಲಿಲ್ಲ. ಪಂಪನ್ನು ಒರತೆಯಿಂದ ತರಿಸಿ, ಕಣದಲ್ಲಿದ್ದ ನೀರಿನ ಡ್ರಮ್ಮಿಗೆ ಇಳಿಸಿ, ಎರಡಡಿ ವೈರಿನಲ್ಲಿ ಪ್ಯಾನಲ್ಲಿಗೆ ಸೇರಿಸಿದಳು. “ಪೈಪು ಹಿಡ್ಕಳಿ ಅಣ್ಣ.” ಇದೂ ಗಾಳಿಯೇ ಎಂದು ಖಾತ್ರಿಯಿದ್ದ ಗುಂಡಯ್ಯ ಪೈಪಿನ ಬಾಯಿಗೇ ಕಣ್ಣಿಟ್ಟು ನೋಡಿದ.

ನೀರು ಅವನ ಕನ್ನಡಕವನ್ನು ಕಣದ ಆಚೆ ಬದಿಗೆ ಒಯ್ದು ಹಾಕಿತು.

“ಪಂಪು ಸರಿಯಾಗೈತೆ,” ಎಂದಳು ನವ್ಯಶ್ರೀ. “ದಪ್ಪ ವೈರು ಹಾಸನದಿಂದ ಬರ್ಬೇಕು. ಎಂಟು ದಿನ.”

ದ್ರಾಕ್ಷಾಯಣಿ ಎರಡು ಕೊಡ ತಂದು ಗಂಡನ ಕಾಲ ಬಳಿ ಕುಕ್ಕಿದಳು. “ಅಲ್ಲೀಗಂಟ ಈ ಮನೆ ಪಂಪು ನೀವೇ.”

ಮೂರನೆಯ ದಿನ ಗುಂಡಯ್ಯನ ಸೊಂಟ ಹಿಡಿಯಿತು. ಅರ್ಧ ಏರಿನಲ್ಲಿ ಕೊಡ ಇಳಿಸಿ, ಆನೆ ಬೇಲಿಯ ಕಂಬಕ್ಕೆ ಒರಗಲು ಹೋಗಿ ಬೆಚ್ಚಿ ಹಿಂದೆ ಸರಿದು, ಫೋನ್ ಮಾಡಿದ. “ನವ್ಯಶ್ರೀ ತಾಯಿ, ಹತ್ತು ಎಂಎಂ ಸಾಕಾ? ಹದಿನಾರೇ ತರ್ಸಣಾ?”

ಗಂಡಸರೇ, ನಗಬೇಡಿ. ನಿಮ್ಮ ಮನೆಗೆ ನೀರು ಹೊರುವವರು ಯಾರೋ ಅವರನ್ನು ಮುಂದೆ ಬಿಟ್ಟುಕೊಂಡು ಅಂಗಡಿಗೆ ಹೋಗಿ. ವೈರು ಅವರು ಆರಿಸಲಿ. ಆಗುವುದಿಲ್ಲ ಎನ್ನುವವರು ಈಗಲೇ ಕೊಡ ಎತ್ತಿ.