ನಮೂನೆಯ ಎರಡನೇ ಪ್ರಶ್ನೆ

ಬಣ್ಣದ ಕಾರ್ಖಾನೆಯ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತು ಜನರಿಗೂ ಒಂದೊಂದು ನಮೂನೆ ಹಂಚಿದರು. ನಿಮಗೆ ಯಾವ ತರಬೇತಿ ಬೇಕು ಎಂಬುದು ಮೊದಲ ಪ್ರಶ್ನೆ. ಕಚೇರಿಯಲ್ಲಿ ಬೇರೆ ಯಾರಿಗೆ ಬೇಕು ಎಂಬುದು ಎರಡನೆಯದು. ಖಾಲಿ ಬಿಡುವಂತಿಲ್ಲ.

ಗೋದಾಮಿನ ಗುಮಾಸ್ತರಿಗೆ ಮೊದಲ ಪ್ರಶ್ನೆಗೇ ಬೆವರು ಕಿತ್ತುಬಂತು. ಕಂಪ್ಯೂಟರ್ ಬಂದು ನಾಲ್ಕು ವರ್ಷವಾದರೂ ಅವರು ಅದರ ಧೂಳು ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವರ ತಿಂಗಳ ವರದಿಯನ್ನು ಗುಟ್ಟಾಗಿ ಮಾಡಿಕೊಡುತ್ತಿದ್ದವಳು ಟೈಪಿಸ್ಟ್ ಹುಡುಗಿ. ಇಪ್ಪತ್ತಾರು ವರ್ಷ ಸರ್ವೀಸಾದವರು ಇದನ್ನು ಬರೆದು ಕೊಡುವುದುಂಟೆ? ಪಕ್ಕದ ಮೇಜಿನ ಕ್ಯಾಷಿಯರ್ ಬೇರೆ ಕೊಕ್ಕರೆಯ ಹಾಗೆ ಕತ್ತು ಚಾಚಿ ಇಣುಕುತ್ತಿದ್ದ. 'ನನಗೆ ಎಲ್ಲವೂ ಗೊತ್ತು' ಎಂದು ಬರೆದರು.

ಎರಡನೆಯದಕ್ಕೆ ಕ್ಯಾಷಿಯರನ ಹೆಸರು ಬರೆದರೆ ವರ್ಷವಿಡೀ ಕುಟುಕುತ್ತಾನೆ. ಬರೆದರೂ ಜಗಳಕ್ಕೆ ಬರದವಳು ಒಬ್ಬಳೇ. ಟೈಪಿಸ್ಟ್ ಹೆಸರು ಬರೆದು ಕಳಿಸಿಬಿಟ್ಟರು.

ಮಧ್ಯಾಹ್ನ ಅವಳೇ ಬಂದಳು. "ಅಣ್ಣ, ನಿಮ್ಮ ವರದಿ. ನೀವು ಕೊಟ್ಟ ಲೆಕ್ಕದಲ್ಲಿ ಎರಡು ಕಡೆ ತಪ್ಪಿತ್ತು, ತಿದ್ದಿದೀನಿ."

ಗುಮಾಸ್ತರು ಅರ್ಧ ಉಂಡ ಬುತ್ತಿಯನ್ನು ಮುಚ್ಚಿಟ್ಟರು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ನಮೂನೆ ವಾಪಸು ಕೇಳೋಣವೆಂದು ಮ್ಯಾನೇಜರರ ಬಾಗಿಲವರೆಗೆ ಎರಡು ಸಲ ಹೋಗಿ ಧೈರ್ಯ ಸಾಲದೆ ಮರಳಿದರು. ಇವರ ಓಡಾಟ ಕಂಡ ಕ್ಯಾಷಿಯರ್, ಪಾಪ ಹೊಟ್ಟೆ ಕೆಟ್ಟಿದೆ ಎಂದು ಕಚೇರಿಗೆಲ್ಲ ಸಾರಿದ. ಯಾರೋ ಮಾತ್ರೆ ತಂದುಕೊಟ್ಟರು. ಬೇಡ ಎನ್ನಲಾರದೆ ಅದನ್ನೂ ನುಂಗಿದರು.

ಸಂಜೆ ಮ್ಯಾನೇಜರ್ ಎಲ್ಲರನ್ನೂ ಕರೆದರು. ಎಂಟು ಜನ ಟೈಪಿಸ್ಟ್ ಹೆಸರನ್ನೇ ಬರೆದಿರುವುದರಿಂದ ನಾಳೆಯಿಂದ ಮೂರು ತಿಂಗಳು ಅವಳಿಗೆ ಬೇರೆ ಊರಿನಲ್ಲಿ ತರಬೇತಿ ಎಂದರು. ಆಮೇಲೆ ಅವಳ ನಮೂನೆ ಓದಿದರು: 'ಯಾರಿಗೂ ಬೇಡ. ಎಲ್ಲರ ವರದಿಯೂ ಸರಿಯಾಗಿ ಬರುತ್ತಿದೆ.'

"ನೋಡಿ, ಒಂದು ಹೆಸರು ಬರೀಬೇಕು ಅನ್ನೋದೂ ಗೊತ್ತಾಗಿಲ್ಲ ಪಾಪ," ಎಂದು ಮ್ಯಾನೇಜರ್ ಮರುಗಿದರು. ಯಾರಿಗಾದರೂ ಕಂಪ್ಯೂಟರಿನಲ್ಲಿ ಸಂದೇಹ ಬಂದರೆ, ಎಲ್ಲ ಗೊತ್ತಿರುವ ಗೋದಾಮಿನ ಗುಮಾಸ್ತರನ್ನು ಕೇಳಬೇಕೆಂದೂ ಹೇಳಿದರು.

ನಿಜ ಹೇಳಲೆಂದೇ ಗುಮಾಸ್ತರು ಬಾಯಿ ತೆರೆದರು. "ಆಗ್ಲಿ ಸಾರ್" ಎಂಬುದು ಹೊರಗೆ ಬಂತು.

ನೆಲ ಬಿರಿದು ನುಂಗಬಾರದೇ ಎನಿಸಿತು. ಗೋದಾಮಿನಲ್ಲಿ ಅರ್ಧ ಗಂಟೆ ಕಳೆದು, ಉಳಿದವರು ಮನೆಗೆ ಹೋಗಿರಬೇಕೆಂದು ನಂಬಿ, ಟೈಪಿಂಗ್ ಕೋಣೆಯೊಳಗೆ ತಲೆ ತಗ್ಗಿಸಿಕೊಂಡು ಬಂದರು.

"ಅಮ್ಮಾ, ನಿನ್ನ ಹೆಸರು ಬರೆದವರಲ್ಲಿ ನಾನೂ ಒಬ್ಬ. ತಪ್ಪಾಯ್ತು. ಹೋಗೋ ಮುಂಚೆ ಆ ವರದಿ ಹೇಗೆ ಮಾಡೋದು ಅಂತ ಒಂದ್ಸಲ ತೋರಿಸ್ಬಿಡಮ್ಮ."

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಕ್ಯಾಷಿಯರ್ ಮೊದಲುಗೊಂಡು ಏಳು ಜನ, ಕೈಯಲ್ಲಿ ನೋಟ್‌ಬುಕ್ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

"ಸಾಲಲ್ಲಿ ಬನ್ನಿ ಅಣ್ಣ," ಎಂದಳು. "ನೀವು ಎಂಟನೆಯವರು."