ಕಂಪನಿ ಪಾರ್ಟು

ನಿಯಮ ಬರೆಯುವ ಅಧಿಕಾರ ಸಿಕ್ಕರೆ ಎಂಥ ಮನುಷ್ಯನೂ ಸ್ವಲ್ಪ ಕೆಡುತ್ತಾನೆ. ನಾನು ಸ್ವಲ್ಪ ಹೆಚ್ಚೇ ಕೆಟ್ಟೆ. ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಕನ್ನಡ ಮೇಷ್ಟ್ರಾದ ನನಗೆ ಐವತ್ತರ ಹತ್ತಿರ ಅಂಟಿಕೊಂಡ ಹುಚ್ಚು ಡ್ರ್ಯಾಗ್ ರೇಸು. ಬಂಗಾರಪೇಟೆಯಾಚೆ ಸೈಟು ಮಾರಾಟವಾಗದ ಲೇಔಟೊಂದರ ನೇರ ರಸ್ತೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಇಬ್ಬಿಬ್ಬರಾಗಿ ಕಾಲು ಮೈಲಿ ಬೈಕು ಓಡಿಸುತ್ತೇವೆ. ಅಪ್ಪನ ಕಾಲದ ನನ್ನ ಬೈಕು ಪ್ರತಿ ಸಲವೂ ಹಾಲಿನ ಮುನಿರಾಜುವಿನ ಹಿಂದೆ. ಅವನು ಕ್ಯಾನು ಇಳಿಸಿ, ಗೆದ್ದು, ಮತ್ತೆ ಕ್ಯಾನು ಕಟ್ಟಿಕೊಂಡು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ಒಂದೇ ಒಂದು ಸಲ ಅವನನ್ನು ಸೋಲಿಸಬೇಕು ಅನ್ನುವುದೇ ನನ್ನ ಆಸೆಯಾಗಿತ್ತು.

ಅವನ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಹಿಡಿದಿಡುವ ಪಿನ್ನು ಅಂಗಡಿಯದಲ್ಲ, ನಂದಿದುರ್ಗ ಗಣಿ ಕಾಲೊನಿಯ ಸೆಲ್ವಣ್ಣ ಲೇತಿನಲ್ಲಿ ಕಡೆದದ್ದು ಎಂದು ಗೊತ್ತಾಯಿತು. ಅಕ್ಷರ ದುಂಡಗಿದೆ ಅಂತ ನಿಯಮ ಬರೆಯಲು ಎಲ್ಲರೂ ನನಗೇ ಹೇಳಿದ್ದರು. ಬರೆದೇಬಿಟ್ಟೆ: 'ಎಂಜಿನ್ನಿನೊಳಗೆ ಕಂಪನಿ ಪಾರ್ಟುಗಳು ಮಾತ್ರ ಇರತಕ್ಕದ್ದು.'

ಭಾನುವಾರ ಸೆಲ್ವಣ್ಣನೇ ಬಂದ. ಗಣಿಯಲ್ಲಿ ಫಿಟ್ಟರಾಗಿದ್ದವನು, ಎಪ್ಪತ್ತು ದಾಟಿದೆ. ಮುನಿರಾಜುವಿನ ಬೈಕಿಗೆ ಹಾಕಿದ್ದರ ಜೋಡಿ ಪಿನ್ನೊಂದನ್ನು ನನ್ನ ಅಂಗೈಯಲ್ಲಿಟ್ಟ. "ಕಂಪನಿದೇ ಸಾರ್. ಬಂಡೆ ಕೊರೆಯೋ ರಾಡು, ಸ್ಕ್ರ್ಯಾಪಲ್ಲಿ ತಗೊಂಡಿದ್ದೆ."

"ಕಂಪನಿ ಅಂದ್ರೆ ಬೈಕಿನ ಕಂಪನಿ, ಸೆಲ್ವಣ್ಣ!"

"ನಮ್ಮೂರಲ್ಲಿ ಕಂಪನಿ ಅಂದ್ರೆ ಇನ್ಯಾವ್ದು ಸಾರ್?"

ನೆರೆದವರೆಲ್ಲ ಹೌದು ಹೌದು ಅಂದರು. ಗಣಿ ಮುಚ್ಚಿ ಎಷ್ಟೋ ಕಾಲವಾದರೂ ಕೆ.ಜಿ.ಎಫ್.ನಲ್ಲಿ ಕಂಪನಿ ಎಂದರೆ ಗಣಿಯೇ. ನಮ್ಮಪ್ಪನೂ 'ಕಂಪನಿಗೆ ಹೋಗ್ಬರ್ತೀನಿ' ಅಂತಲೇ ಮನೆ ಬಿಡುತ್ತಿದ್ದರು. ವ್ಯಾಕರಣ ಕಲಿಸುವ ನಾನು ಒಂದು ವಿಶೇಷಣ ಹಾಕುವುದನ್ನು ಮರೆತಿದ್ದೆ. ಸಿಟ್ಟಿನಲ್ಲೇ ಪಿನ್ನು ನೋಡಿದೆ. ಅಬ್ಬಾ! ಮುಖ ಕಾಣುವಷ್ಟು ನಯ, ಎಲ್ಲೂ ಕೂದಲೆಳೆಯಷ್ಟು ಏರುಪೇರಿಲ್ಲ. ತುದಿಯಲ್ಲಿ ಅವನ ಗುರುತು, ಮೂರು ಚುಕ್ಕಿ.

"ಓಗ್ಲಿ ಬುಡಿ ಮೇಷ್ಟ್ರೇ, ಓಡ್ಸನ ಬನ್ನಿ," ಅಂದ ಮುನಿರಾಜು.

ಓಡಿಸಿದೆವು. ಅರ್ಧ ದಾರಿಯವರೆಗೆ ನಾನೇ ಮುಂದಿದ್ದೆ, ದೇವರಾಣೆ! ಆಮೇಲೆ ನನ್ನ ಬೈಕು ಕಿರ್ರೆಂದು ಕಿರುಚಿ ನಿಂತಿತು. ಎಂಜಿನ್ ಆರಿದ ಮೇಲೆ ಸೆಲ್ವಣ್ಣನೇ ಬಿಚ್ಚಿದ. ಹೋದ ತಿಂಗಳು ಶೋರೂಮಿನಿಂದ ತಂದು ಹಾಕಿಸಿದ್ದ ಹೊಸ ಪಿಸ್ಟನ್ನು ಬಿಸಿಗೆ ಕಚ್ಚಿಕೊಂಡು ಸೀಜ್ ಆಗಿತ್ತು. ಅದರ ಪಿನ್ನನ್ನು ಹೊರಗೆ ತಟ್ಟಿ, ಲುಂಗಿಯ ತುದಿಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು ನಗತೊಡಗಿದ. ಮೆಕ್ಯಾನಿಕ್ ಹೊಸ ಪಿಸ್ಟನ್ನಿಗೆ ಹಳೆಯ ಪಿನ್ನನ್ನೇ ಹಾಕಿದ್ದ. ತುದಿಯಲ್ಲಿ ಮೂರು ಚುಕ್ಕಿ.

"ನಿಮ್ಮಪ್ಪ ಇದ್ದಾಗ ನಾನೇ ಮಾಡಿ ಹಾಕಿದ್ದು ಸಾರ್. ಇದಕ್ಕೇನೂ ಆಗಿಲ್ಲ."

ಅಷ್ಟು ವರ್ಷ ನನ್ನ ಕಾಲ ಕೆಳಗೇ ಅದು ಓಡಾಡುತ್ತಿತ್ತು! ನನಗರಿವಿಲ್ಲದೆ ಕೈ ಮುಗಿದೆ. ನನ್ನ ನಿಯಮವನ್ನು ನನ್ನ ಅರ್ಥದಲ್ಲೇ ಜಾರಿಗೆ ತಂದಿದ್ದರೆ ಮೊದಲು ಹೊರಬೀಳಬೇಕಾದವನು ನಾನೇ.

ಈಗ ಹಾಳೆಯಲ್ಲಿ ಆ ವಿಶೇಷಣ ಸೇರಿಸಿದ್ದೇನೆ, ದುಂಡಗೆ: 'ನಮ್ಮ ಕಂಪನಿ'. ಮುನಿರಾಜು ಈಗಲೂ ಗೆಲ್ಲುತ್ತಿದ್ದಾನೆ, ನಿಯಮದ ಪ್ರಕಾರವೇ.